ಶಂಕುಸ್ಥಾಪನೆ ಆಯಿತು, ತಂತಿ ಬರಲಿಲ್ಲ: ಹಿದಾ ಎಕ್ಸ್‌ಪ್ರೆಸ್‌ನ ಕಥೆ

ಜಿಲ್ಲೆಯಲ್ಲಿ ವರದಿಗಾರಿಕೆ ಮಾಡುವ ನಮಗೆ ಶಂಕುಸ್ಥಾಪನೆ ಹೊಸದೇನಲ್ಲ. ಶಾಮಿಯಾನ, ಹಾರ, ಗುದ್ದಲಿ, ಭಾಷಣ, ಹೆಸರು ಕೆತ್ತಿದ ಒಂದು ಕಲ್ಲು. ಫೋಟೊ ತೆಗೆದು, ಇಷ್ಟು ಕೋಟಿ ರೂಪಾಯಿಯ ಕಾಮಗಾರಿ ಎಂದು ಬರೆದು ಕಳಿಸಿದರೆ ಅವತ್ತಿನ ಕೆಲಸ ಮುಗಿಯಿತು. ಐದು ವರ್ಷ ಬಿಟ್ಟು ಅದೇ ಜಾಗಕ್ಕೆ ಹೋಗಿ, ಕಲ್ಲಿನ ಆಚೆ ಏನಾದರೂ ಎದ್ದಿದೆಯೇ ಎಂದು ನೋಡಿದವರು ನಮ್ಮಲ್ಲೂ ಕಡಿಮೆ.

ಜಪಾನಿನ ತಕಯಾಮಾ ಎಂಬ ಬೆಟ್ಟದೂರಿನ ರೈಲು ನಿಲ್ದಾಣದಲ್ಲಿ 1980ರಲ್ಲಿ ಇಂಥದೇ ಒಂದು ಸಮಾರಂಭ ನಡೆಯಿತು. ಡೀಸೆಲ್ ರೈಲು ಓಡುತ್ತಿದ್ದ ಮಾರ್ಗಕ್ಕೆ ವಿದ್ಯುತ್ ತಂತಿ ಎಳೆಯುವ ಕಾಮಗಾರಿಗೆ ಚಾಲನೆ ಕೊಟ್ಟರು. ತಂತಿ ಇವತ್ತಿಗೂ ಬಂದಿಲ್ಲ. ಆದರೆ 42 ವರ್ಷದ ನಂತರ, 2022ರ ಜುಲೈ 1ರಂದು, ಅದೇ ನಿಲ್ದಾಣಕ್ಕೆ ಒಂದು ಹೊಸ ಎಕ್ಸ್‌ಪ್ರೆಸ್ ರೈಲು ಬಂತು. ಅದರ ಚಕ್ರ ತಿರುಗಿಸುವುದು ಕರೆಂಟು. ತಲೆಯ ಮೇಲೆ ತಂತಿ ಮಾತ್ರ ಇಲ್ಲ. ಆ ರೈಲಿನ ಹೆಸರು ಎಚ್‌ಸಿ85. ಎಚ್‌ಸಿ ಎಂದರೆ ಹೈಬ್ರಿಡ್ ಕಾರ್. ತಂತಿಯ ಮಾತು ಕೊಟ್ಟು ತಪ್ಪಿದ ಕಣಿವೆಗೆ ಈ ರೈಲು ಹೇಗೆ ಬಂತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಣಿವೆಯ ದಾರಿ

ಗಿಫು ನಗರದಿಂದ ಉತ್ತರದ ತೋಯಾಮಾವರೆಗೆ ಹೋಗುವ ತಕಯಾಮಾ ಮಾರ್ಗದ ಉದ್ದ 225.8 ಕಿಲೋಮೀಟರ್. ಅದರ ದಕ್ಷಿಣದ ದೊಡ್ಡ ಭಾಗ ಹಿದಾ ನದಿಯನ್ನು ಹಿಡಿದುಕೊಂಡೇ ಹತ್ತುತ್ತದೆ. ನದಿ ಈ ಕಡೆ ಜಾಗ ಕೊಡದಿದ್ದರೆ ಸೇತುವೆ ದಾಟಿ ಆ ಕಡೆ, ಅಲ್ಲೂ ಜಾಗ ಇಲ್ಲದಿದ್ದರೆ ಸುರಂಗ. ಎರಡೂ ತುದಿಯಿಂದ ತುಂಡು ತುಂಡಾಗಿ ಹಳಿ ಹಾಕುತ್ತ ಬಂದು ಇಡೀ ಮಾರ್ಗ ಕೂಡಿದ್ದು 1934ರ ಅಕ್ಟೋಬರ್‌ನಲ್ಲಿ. ಆಗ ಓಡುತ್ತಿದ್ದುದು ಉಗಿಬಂಡಿ. ಸುರಂಗಗಳನ್ನು ಕೊರೆದದ್ದೂ ಅದರ ಅಳತೆಗೇ.

ಈ ಕಣಿವೆಯಲ್ಲಿ ರೈಲಿಗೆ ಎಷ್ಟು ಬೆಲೆ ಎಂಬುದನ್ನು ತಿಳಿಯಲು 1968ರ ಒಂದು ರಾತ್ರಿ ಸಾಕು. ಆ ವರ್ಷದ ಆಗಸ್ಟ್ 18ರ ಬೆಳಗಿನ ಜಾವ, ಮಳೆಯ ಕಾರಣಕ್ಕೆ ಪ್ರವಾಸ ಅರ್ಧಕ್ಕೆ ಬಿಟ್ಟು ಹಿಂದಿರುಗುತ್ತಿದ್ದ ಬಸ್ಸುಗಳ ಮೇಲೆ ಗುಡ್ಡ ಜರಿಯಿತು. ಎರಡು ಬಸ್ಸು ಉಕ್ಕುತ್ತಿದ್ದ ಹಿದಾ ನದಿಗೆ ಬಿದ್ದು 104 ಜನ ಸತ್ತರು. ನದಿಯ ಪಕ್ಕದಲ್ಲಿ ರಸ್ತೆ, ಅಲ್ಲೇ ಆಚೀಚೆ ಹಳಿ. ಎರಡಕ್ಕೂ ಮಳೆಗಾಲದ ಭಯ ಒಂದೇ. ಇದಾದ ಒಂದೂವರೆ ತಿಂಗಳಿಗೆ, ಅಕ್ಟೋಬರ್ 1ರಂದು, 'ಹಿದಾ' ಹೆಸರಿನ ಲಿಮಿಟೆಡ್ ಎಕ್ಸ್‌ಪ್ರೆಸ್ ನಗೋಯಾದಿಂದ ಈ ಕಣಿವೆಯ ಮೂಲಕ ಓಡತೊಡಗಿತು. ಅದಕ್ಕೆ ಹಚ್ಚಿದ್ದು ಕಿಹಾ 80 ಮಾದರಿಯ ಡೀಸೆಲ್ ಬೋಗಿಗಳನ್ನು.

ಕಿಹಾ 80 ಹುಟ್ಟಿದ್ದು 1960ರಲ್ಲಿ. ಜಪಾನಿನ ಮೊದಲ ಡೀಸೆಲ್ ಲಿಮಿಟೆಡ್ ಎಕ್ಸ್‌ಪ್ರೆಸ್ ಅದೇ. ಎಂಜಿನ್ ಒಂದಕ್ಕೆ ಶಕ್ತಿ ಬರೀ 180 ಅಶ್ವಶಕ್ತಿ. ಒಂದು ಬೋಗಿಗೆ ಎರಡು ಕಟ್ಟಿದರೂ ಏರಿನಲ್ಲಿ ಏದುಸಿರು. ಮೊದಲ ದಿನಗಳಲ್ಲಿ ಅದು ಎಷ್ಟು ಸಲ ಕೆಟ್ಟು ನಿಂತಿತೆಂದರೆ, ಪತ್ರಿಕೆಯವರು ರೈಲಿನ ಹೆಸರಿಗೆ ಪ್ರಾಸ ಸೇರಿಸಿ ಗೇಲಿ ಮಾಡಿದ್ದರು.

ಎಣ್ಣೆ ತಿರುಗಿಸಿದ ಚಕ್ರ

ಇಲ್ಲಿ ಒಂದು ತಾಂತ್ರಿಕ ಸಂಗತಿ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನ ಕಥೆಯ ಅರ್ಥ ಬಿಡುವುದಿಲ್ಲ.

ನಮ್ಮ ಹುಬ್ಬಳ್ಳಿ ಅಥವಾ ಕೃಷ್ಣರಾಜಪುರಂ ಶೆಡ್ಡಿನ ಡೀಸೆಲ್ ಲೋಕೊ ನೋಡಿದವರಿಗೆ ಗೊತ್ತಿರಬಹುದು, ಅದರ ಡೀಸೆಲ್ ಎಂಜಿನ್ನಿಗೂ ಚಕ್ರಕ್ಕೂ ನೇರ ಸಂಬಂಧ ಇಲ್ಲ. ಎಂಜಿನ್ ಒಂದು ಜನರೇಟರ್ ತಿರುಗಿಸುತ್ತದೆ, ಹುಟ್ಟಿದ ಕರೆಂಟು ಚಕ್ರದ ಪಕ್ಕದ ಮೋಟಾರಿಗೆ ಹೋಗುತ್ತದೆ. ಡೀಸೆಲ್-ಎಲೆಕ್ಟ್ರಿಕ್ ಎನ್ನುವುದು ಇದಕ್ಕೇ. ಲೋಕೊ ಭಾರವಾದರೂ ನಮ್ಮ ಮುಖ್ಯ ಮಾರ್ಗದ ಹಳಿ ತಾಳಿಕೊಳ್ಳುತ್ತದೆ.

ಜಪಾನಿನಲ್ಲಿ ಲೆಕ್ಕ ಬೇರೆ. ಹಳಿಗಳ ನಡುವಿನ ಅಗಲ 1,067 ಮಿಲಿಮೀಟರ್, ಬೆಟ್ಟದ ಮಾರ್ಗಗಳ ಹಳಿ ಹಗುರ. ಅವರು ಪ್ರಯಾಣಿಕರ ಬೋಗಿಯ ತಳದಲ್ಲೇ ಎಂಜಿನ್ ಕಟ್ಟುವ ದಾರಿ ಹಿಡಿದರು. 1937ರಲ್ಲಿ ಡೀಸೆಲ್-ಎಲೆಕ್ಟ್ರಿಕ್ ಬೋಗಿಗಳನ್ನು ಮಾಡಿ ನೋಡಿದ್ದೂ ಉಂಟು. ಯುದ್ಧ ಬಂತು, ಎಣ್ಣೆ ಸಿಗಲಿಲ್ಲ, ಅದು ಅಲ್ಲಿಗೇ ನಿಂತಿತು. 1950ರ ದಶಕದ ಆರಂಭದಲ್ಲಿ ಮತ್ತೆ ಪ್ರಯತ್ನಿಸಿದರು. ಜನರೇಟರು, ಮೋಟಾರು ಎರಡನ್ನೂ ಹೊತ್ತ ಬೋಗಿ ಭಾರವಾಯಿತು, ದುಬಾರಿಯೂ ಆಯಿತು. ಕೊನೆಗೆ ಗೆದ್ದದ್ದು ಹೈಡ್ರಾಲಿಕ್ ವಿಧಾನ. ಮುಚ್ಚಿದ ಪೆಟ್ಟಿಗೆಯೊಳಗಿನ ಎಣ್ಣೆಯನ್ನು ಎಂಜಿನ್ ತಿರುಗಿಸುತ್ತದೆ, ಆ ಎಣ್ಣೆ ಇನ್ನೊಂದು ಚಕ್ರವನ್ನು ತಿರುಗಿಸುತ್ತದೆ, ಅಲ್ಲಿಂದ ಉದ್ದನೆಯ ಶಾಫ್ಟ್ ರೈಲಿನ ಗಾಲಿಗೆ ಶಕ್ತಿ ಒಯ್ಯುತ್ತದೆ. ಲಾರಿಯ ಕೆಳಗೆ ತಿರುಗುವ ಪ್ರೊಪೆಲ್ಲರ್ ಶಾಫ್ಟ್ ಇದ್ದಹಾಗೆ. ಹಗುರ, ಅಗ್ಗ. ಮುಂದಿನ ಅರ್ಧ ಶತಮಾನ ಜಪಾನಿನ ಡೀಸೆಲ್ ಬೋಗಿ ಎಂದರೆ ಇದೇ.

ಇದಕ್ಕೂ ಬೆಲೆ ಇತ್ತು. ನಿಲ್ದಾಣದಲ್ಲಿ ನಿಂತಾಗಲೂ ಎಂಜಿನ್ ಗುಡುಗುಡು. ಇಳಿಜಾರಿನಲ್ಲಿ ಬ್ರೇಕ್ ಹಾಕಿದರೆ ಅಷ್ಟೂ ಶಕ್ತಿ ಬಿಸಿಯಾಗಿ ಗಾಳಿಗೆ. ಹೊಗೆ, ಸದ್ದು, ನಡುಕ. ಹಾಗಾಗಿ ಕಣಿವೆಯ ಜನ ಕೇಳಿದ್ದು ಒಂದೇ: ನಮಗೂ ತಂತಿ ಬೇಕು.

1980: ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದರಲ್ಲಿ ಕತ್ತರಿ

1980ರ ಸಮಾರಂಭ ಈ ಬೇಡಿಕೆಗೆ ಸಿಕ್ಕ ಉತ್ತರವಾಗಿತ್ತು. ಆದರೆ ಆ ವರ್ಷವೇ ಕೆಟ್ಟ ವರ್ಷ. ಸರ್ಕಾರದ ಕೈಯಲ್ಲಿದ್ದ ಜಪಾನ್ ರಾಷ್ಟ್ರೀಯ ರೈಲ್ವೆ 1964ರಿಂದಲೇ ನಷ್ಟಕ್ಕೆ ಬಿದ್ದಿತ್ತು. ಬುಲೆಟ್ ರೈಲು ಓಡಲು ಶುರುವಾದ ವರ್ಷವೂ ಅದೇ ಎಂಬುದು ಗಮನಿಸಬೇಕಾದ ಸಂಗತಿ. ಸಾಲದ ಮೇಲೆ ಸಾಲ ಬೆಳೆದು, 1980ರ ಕೊನೆಗೆ ರೈಲ್ವೆಯನ್ನು ದಡ ಸೇರಿಸುವ ವಿಶೇಷ ಕಾನೂನು ಬಂತು. ಮುಖ್ಯ ಮಾರ್ಗ ಯಾವುದು, ಸ್ಥಳೀಯ ಮಾರ್ಗ ಯಾವುದು ಎಂದು ಆ ಕಾನೂನು ಪಟ್ಟಿ ಮಾಡಿಸಿತು. ಜನ ತೀರಾ ಕಡಿಮೆ ಇದ್ದ ಮಾರ್ಗಗಳನ್ನು ಮುಚ್ಚಲು ಇಲ್ಲವೇ ಬೇರೆಯವರಿಗೆ ಒಪ್ಪಿಸಲು ದಾರಿ ಮಾಡಿತು. ತಕಯಾಮಾ ಮಾರ್ಗ ಮುಚ್ಚುವ ಪಟ್ಟಿಗೆ ಸೇರಲಿಲ್ಲ, ಆದರೆ ಸ್ಥಳೀಯ ಮಾರ್ಗಗಳ ಸಾಲಿಗೆ ಬಿತ್ತು. ಹೊಸ ತಂತಿಗೆ ದುಡ್ಡು ಎಲ್ಲಿಂದ ಬರಬೇಕು? ಕಾಮಗಾರಿ ನಿಂತಿತು.

1987ರ ಏಪ್ರಿಲ್ 1ರಂದು ರಾಷ್ಟ್ರೀಯ ರೈಲ್ವೆಯನ್ನು ಒಡೆದು ಜೆಆರ್ ಕಂಪನಿಗಳನ್ನಾಗಿ ಮಾಡಿದಾಗ ಅದರ ತಲೆಯ ಮೇಲಿದ್ದ ಹೊರೆ ಸುಮಾರು 37 ಲಕ್ಷ ಕೋಟಿ ಯೆನ್. ಅಷ್ಟು ದೊಡ್ಡ ಲೆಕ್ಕದ ಎದುರು ಒಂದು ಕಣಿವೆಯ ತಂತಿಯನ್ನು ಕೇಳುವವರಿರಲಿಲ್ಲ.

ಜಪಾನಿನ ದಕ್ಷಿಣ ಕರಾವಳಿಯಲ್ಲೂ ಇಂಥದೇ ಒಂದು ಗಡಿ ಉಳಿದಿದೆ. ಕಿಯಿ ಪರ್ಯಾಯ ದ್ವೀಪವನ್ನು ಸುತ್ತುವ ಕಿಸೇಯಿ ಮಾರ್ಗದಲ್ಲಿ, ಪಶ್ಚಿಮದ ವಕಯಾಮಾದಿಂದ ಶಿಂಗು ಪಟ್ಟಣದವರೆಗೆ 1978ರಲ್ಲಿ ತಂತಿ ಬಂತು. ಶಿಂಗುವಿನಿಂದ ಪೂರ್ವಕ್ಕೆ ಬರಲೇ ಇಲ್ಲ. ಒಂದೇ ಮಾರ್ಗ, ಒಂದು ಕಡೆ ಕರೆಂಟು, ಇನ್ನೊಂದು ಕಡೆ ಹೊಗೆ. ಆ ಪೂರ್ವ ಭಾಗಕ್ಕೆ ನಗೋಯಾದಿಂದ ಹೋಗುವ ಎಕ್ಸ್‌ಪ್ರೆಸ್‌ನ ಹೆಸರು 'ನಾಂಕಿ'. ಹಿದಾ ಮತ್ತು ನಾಂಕಿ, ಎರಡೂ ಜೆಆರ್ ಸೆಂಟ್ರಲ್ ಕಂಪನಿಯ ಪಾಲಿಗೆ ಬಂದವು. ಮುಂದೆ ಇವೆರಡರ ಹಣೆಬರಹ ಒಂದೇ ಆಯಿತು.

ತಂತಿ ಕೊಡಲಾಗದ ಕಂಪನಿ ಒಳ್ಳೆಯ ಡೀಸೆಲ್ ಬೋಗಿಯನ್ನಾದರೂ ಕೊಟ್ಟಿತು. 1989ರಲ್ಲಿ ಬಂದ ಕಿಹಾ 85ಕ್ಕೆ ಬೋಗಿಗೆ ಎರಡರಂತೆ 350 ಅಶ್ವಶಕ್ತಿಯ ಕಮಿನ್ಸ್ ಎಂಜಿನ್ನುಗಳು, ಗಂಟೆಗೆ 120 ಕಿಲೋಮೀಟರ್ ವೇಗ, ಕಣಿವೆ ಕಾಣಲೆಂದು ದೊಡ್ಡ ಕಿಟಕಿ. ಮೂವತ್ತಕ್ಕೂ ಹೆಚ್ಚು ವರ್ಷ ಅದು ದುಡಿಯಿತು. ನಡುವೆ 2004ರ ಅಕ್ಟೋಬರ್‌ನ ಚಂಡಮಾರುತ ತಕಯಾಮಾದ ಉತ್ತರದ ಹಳಿ, ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. ಕೊನೆಯ ತುಂಡನ್ನು ಕಟ್ಟಿ ತೆರೆಯುವಾಗ 2007ರ ಸೆಪ್ಟೆಂಬರ್.

ಬ್ಯಾಟರಿ ಬಂದ ದಾರಿ

ಅದೇ 2007ರಲ್ಲಿ, ಬೇರೊಂದು ಬೆಟ್ಟದಲ್ಲಿ, ಬೇರೊಂದು ಕಂಪನಿ ಹೊಸ ಹೆಜ್ಜೆ ಇಟ್ಟಿತು. ಜೆಆರ್ ಈಸ್ಟ್ 2003ರಲ್ಲಿ ಒಂದು ಪ್ರಯೋಗದ ಬೋಗಿ ಮಾಡಿತ್ತು. ಡೀಸೆಲ್ ಎಂಜಿನ್, ಜನರೇಟರ್, ಮೋಟಾರ್, ಜೊತೆಗೆ ಬ್ಯಾಟರಿ. ಅದರ ಪಾಠ ಕಲಿತು ಮಾಡಿದ ಕಿಹಾ ಇ200 ಬೋಗಿಗಳು 2007ರ ಜುಲೈ 31ರಂದು ಕೌಮಿ ಮಾರ್ಗದಲ್ಲಿ ಜನರನ್ನು ಹೊತ್ತು ಓಡಿದವು. ನಿತ್ಯದ ಪ್ರಯಾಣಿಕ ಸೇವೆಗೆ ಬಂದ ಜಗತ್ತಿನ ಮೊದಲ ಹೈಬ್ರಿಡ್ ಡೀಸೆಲ್ ಬೋಗಿಗಳು ಎಂದು ಅವುಗಳ ಹೆಸರು. ಕೌಮಿ ಮಾರ್ಗ ಸಮುದ್ರಮಟ್ಟದಿಂದ 1,375 ಮೀಟರ್ ಎತ್ತರ ಏರುತ್ತದೆ. ಜೆಆರ್ ಮಾರ್ಗಗಳಲ್ಲೆಲ್ಲ ಅದೇ ಎತ್ತರದ್ದು. ಏರು ಇದ್ದಲ್ಲಿ ಇಳಿಜಾರೂ ಇರುತ್ತದಲ್ಲ, ಅಲ್ಲಿ ವ್ಯರ್ಥವಾಗುತ್ತಿದ್ದ ಶಕ್ತಿಯನ್ನು ಹಿಡಿದಿಡುವುದೇ ಉದ್ದೇಶ.

ಐವತ್ತು ವರ್ಷದ ಹಿಂದೆ ಭಾರ ಎಂದು ಬಿಟ್ಟಿದ್ದ ಡೀಸೆಲ್-ಎಲೆಕ್ಟ್ರಿಕ್ ಹೀಗೆ ಮರಳಿ ಬಂತು. ಮೋಟಾರುಗಳು ಚಿಕ್ಕವಾಗಿದ್ದವು, ಕರೆಂಟು ನಿಯಂತ್ರಿಸುವ ಸಾಧನಗಳು ಹಗುರವಾಗಿದ್ದವು, ಲಿಥಿಯಂ ಬ್ಯಾಟರಿ ಹುಟ್ಟಿತ್ತು.

2011ರ ಸುನಾಮಿಯ ನಂತರ ಈ ತಂತ್ರಕ್ಕೆ ಇನ್ನೊಂದು ಕೆಲಸ ಸಿಕ್ಕಿತು. ಸೆಂದಾಯಿ ನಗರಕ್ಕೂ, ಸುನಾಮಿಯಲ್ಲಿ ನಲುಗಿದ ಇಶಿನೊಮಾಕಿ ಪಟ್ಟಣಕ್ಕೂ ಬೇಗ ತಲುಪುವ ರೈಲು ಬೇಕಿತ್ತು. ಅಕ್ಕಪಕ್ಕ ಹೋಗುವ ಎರಡು ಮಾರ್ಗಗಳನ್ನು ಸಣ್ಣದೊಂದು ಹಳಿಯಿಂದ ಜೋಡಿಸಿದರೆ ಸಾಕು. ತೊಡಕು ಏನೆಂದರೆ, ಒಂದರ ತಂತಿಯಲ್ಲಿ ಡಿಸಿ ಕರೆಂಟು, ಇನ್ನೊಂದರಲ್ಲಿ ಎಸಿ. ಜೋಡಿಸುವ ಹಳಿಗೆ ತಂತಿಯನ್ನೇ ಹಾಕದೆ, 2015ರ ಮೇ 30ರಿಂದ ಹೈಬ್ರಿಡ್ ಡೀಸೆಲ್ ರೈಲನ್ನೇ ಓಡಿಸಿದರು. ಎರಡೂ ಕಡೆ ತಂತಿ ಇದ್ದರೂ ಅದು ಯಾವುದನ್ನೂ ಮುಟ್ಟುವುದಿಲ್ಲ.

ಓಡದೇ ಹೋದ ಎಕ್ಸ್‌ಪ್ರೆಸ್

ಇದುವರೆಗಿನ ಹೈಬ್ರಿಡ್‌ಗಳೆಲ್ಲ ಊರೂರಿಗೆ ನಿಲ್ಲುವ ರೈಲುಗಳು ಇಲ್ಲವೇ ಪ್ರವಾಸಿ ರೈಲುಗಳು. ವೇಗದ ಎಕ್ಸ್‌ಪ್ರೆಸ್‌ಗೆ ಇದನ್ನು ತರಲು ಹೊರಟ ಉತ್ತರದ ಜೆಆರ್ ಹೊಕ್ಕೈದೋ ಸೋತಿತು. ಆ ಸೋಲನ್ನು ಬಿಟ್ಟರೆ ಇತಿಹಾಸ ಪೂರ್ತಿಯಾಗದು.

2011ರ ಮೇ 27ರ ರಾತ್ರಿ ಹೊಕ್ಕೈದೋದ ಒಂದು ಡೀಸೆಲ್ ಎಕ್ಸ್‌ಪ್ರೆಸ್‌ನ ತಳದಿಂದ, ಗಾಲಿಗೆ ಶಕ್ತಿ ಒಯ್ಯುವ ಜೋಡಣೆಯ ಭಾಗಗಳು ಕಳಚಿ ಬಿದ್ದವು. ರೈಲು ಹಳಿ ತಪ್ಪಿ, ಸುರಂಗದೊಳಗೆ ನಿಂತು, ಬೆಂಕಿ ಹತ್ತಿಕೊಂಡಿತು. ಪ್ರಯಾಣಿಕರು ಹೊಗೆಯಲ್ಲಿ ನಡೆದುಕೊಂಡೇ ಹೊರಬಂದರು. ಹಲವರು ಆಸ್ಪತ್ರೆ ಸೇರಿದರು, ಯಾರೂ ಸಾಯಲಿಲ್ಲ. ಆರೂ ಬೋಗಿ ಸುಟ್ಟುಹೋದವು. ಮುಂದಿನ ಎರಡು ವರ್ಷ ಆ ಕಂಪನಿಯಲ್ಲಿ ಅವಘಡದ ಮೇಲೆ ಅವಘಡ, ಹಳಿ ನಿರ್ವಹಣೆಯ ಲೋಪ. 2013ರಲ್ಲಿ ಎಕ್ಸ್‌ಪ್ರೆಸ್‌ಗಳ ವೇಗವನ್ನೇ ತಗ್ಗಿಸಿದರು.

ಅದೇ ಹೊತ್ತಿಗೆ ಅಲ್ಲಿ ಕಿಹಾ 285 ಎಂಬ ಹೊಸ ಎಕ್ಸ್‌ಪ್ರೆಸ್ ಸಿದ್ಧವಾಗುತ್ತಿತ್ತು. ಡೀಸೆಲ್ ಎಂಜಿನ್ನಿಗೆ ಮೋಟಾರು ಹೆಗಲು ಕೊಡುವ ಹೈಬ್ರಿಡ್, ತಿರುವಿನಲ್ಲಿ ವಾಲಿ ಓಡುವ ಬೋಗಿ. ಮೂರು ಬೋಗಿಯ ಮಾದರಿ ಕಾರ್ಖಾನೆಯಿಂದ ಹೊರಡಲಿದ್ದ 2014ರ ಸೆಪ್ಟೆಂಬರ್‌ನಲ್ಲೇ ಕಂಪನಿ ಯೋಜನೆ ಕೈಬಿಟ್ಟಿತು. ಇರುವ ಹಣ, ಜನ ಎಲ್ಲವೂ ಮೊದಲು ಸುರಕ್ಷತೆಗೆ ಬೇಕು ಎಂದಿತು. ಒಬ್ಬ ಪ್ರಯಾಣಿಕನನ್ನೂ ಹೊರದ ಆ ರೈಲು 2017ರಲ್ಲಿ ಗುಜರಿಗೆ ಹೋಯಿತು. ಹಳಿ ಬಿಗಿ ಇಲ್ಲದ ಮನೆಗೆ ಹೊಸ ರೈಲು ತಂದು ಏನು ಮಾಡುವುದು? ನಮ್ಮ ಪ್ರಕಾರ ಆ ನಿರ್ಧಾರ ಸರಿ.

ಕಿಹಾದ 'ಕಿ' ಹೋಯಿತು

ಹೊಕ್ಕೈದೋ ಬಿಟ್ಟಲ್ಲಿಂದ ಜೆಆರ್ ಸೆಂಟ್ರಲ್ ಹಿಡಿಯಿತು ಎನ್ನಬಹುದು, ಆದರೆ ಅದು ಆರಿಸಿಕೊಂಡದ್ದು ಬೇರೆ ಬಗೆ. ಎಂಜಿನ್ನಿಗೂ ಗಾಲಿಗೂ ಯಾಂತ್ರಿಕ ಸಂಬಂಧವನ್ನೇ ಕಡಿದುಹಾಕಿತು. 2017ರ ಜೂನ್‌ನಲ್ಲಿ ಯೋಜನೆ ಪ್ರಕಟ. 2019ರ ಕೊನೆಗೆ ನಾಲ್ಕು ಬೋಗಿಯ ಪ್ರಯೋಗದ ರೈಲು ಸಿದ್ಧ. ನಿಪ್ಪೋನ್ ಶರ್ಯೋ ಕಂಪನಿ ಕಟ್ಟಿದ ಅದನ್ನು ವರ್ಷಕ್ಕೂ ಹೆಚ್ಚು ಕಾಲ ಓಡಿಸಿ ನೋಡಿ, ಆಮೇಲೆ ಇನ್ನೂ 64 ಬೋಗಿ ಮಾಡಿಸಿದರು.

ಕೆಲಸ ಮಾಡುವ ಬಗೆ ಹೀಗಿದೆ. ಪ್ರತಿ ಬೋಗಿಯ ತಳದಲ್ಲಿ ಎರಡರ ಬದಲು ಒಂದೇ ಡೀಸೆಲ್ ಎಂಜಿನ್. ಅದು ಜನರೇಟರ್ ಮಾತ್ರ ತಿರುಗಿಸುತ್ತದೆ. ರೈಲು ನಿಲ್ದಾಣದಲ್ಲಿ ನಿಂತಾಗ ಎಂಜಿನ್ ಆಫ್, ದೀಪ ಮತ್ತು ಎಸಿಗೆ ಬ್ಯಾಟರಿಯ ಕರೆಂಟು. ಹೊರಟು ವೇಗ ಹಿಡಿಯುವಾಗ ಜನರೇಟರು ಮತ್ತು ಬ್ಯಾಟರಿ ಎರಡೂ ಸೇರಿ ಮೋಟಾರಿಗೆ ಕರೆಂಟು ಕೊಡುತ್ತವೆ. ಬ್ರೇಕ್ ಹಾಕಿದಾಗ ಮೋಟಾರೇ ಜನರೇಟರಾಗಿ ಬ್ಯಾಟರಿ ತುಂಬುತ್ತದೆ. ಇಳಿಜಾರಿನಲ್ಲಿ ಹಿಡಿದಿಟ್ಟದ್ದು ಮುಂದಿನ ಏರಿಗೆ. ಕಿಹಾ 85ಕ್ಕೆ ಹೋಲಿಸಿದರೆ ಇಂಧನದ ಬಳಕೆಯಲ್ಲಿ ಸುಮಾರು 35 ಶೇಕಡಾ ಸುಧಾರಣೆ, ಇಂಗಾಲದ ಡೈಆಕ್ಸೈಡ್ ಸುಮಾರು 30 ಶೇಕಡಾ, ಸಾರಜನಕದ ಆಕ್ಸೈಡುಗಳು ಸುಮಾರು 40 ಶೇಕಡಾ ಕಡಿಮೆ ಎಂಬುದು ಕಂಪನಿ ಕೊಟ್ಟ ಲೆಕ್ಕ. ವೇಗ ಮೊದಲಿನಷ್ಟೇ, ಗಂಟೆಗೆ 120 ಕಿಲೋಮೀಟರ್.

ನಮಗೆ ಈ ಅಂಕಿಗಳಿಗಿಂತ ಮುಖ್ಯ ಅನ್ನಿಸಿದ್ದು ಇನ್ನೆರಡು. ಒಂದು, ಬೋಗಿಯ ತಳದಲ್ಲಿ ಆ ಉದ್ದನೆಯ ಶಾಫ್ಟ್ ಇಲ್ಲ. ಕಳಚಿ ಬೀಳುವ ಭಯವೂ ಅದರ ಜೊತೆಗೇ ಹೋಯಿತು. ಹೊಕ್ಕೈದೋದ ಆ ಸುರಂಗದ ನೆನಪಿರುವವರಿಗೆ ಇದರ ಬೆಲೆ ಗೊತ್ತು. ಇನ್ನೊಂದು, ಹೆಸರಿನಲ್ಲಾದ ಬದಲಾವಣೆ. ಜಪಾನಿನಲ್ಲಿ 'ಕಿ' ಎಂಬ ಅಕ್ಷರ ಬೋಗಿಯ ಮೈಮೇಲೆ ಇದ್ದರೆ ಅದು ಡೀಸೆಲ್ ಬೋಗಿ ಎಂದರ್ಥ. ಎಚ್‌ಸಿ85 ಬೋಗಿಗಳ ಮೇಲೆ 'ಕಿ' ಇಲ್ಲ. ವಿದ್ಯುತ್ ರೈಲಿನ ಬೋಗಿಗೆ ಬರೆಯುವ 'ಮೋ' ಅಕ್ಷರವೇ ಅಲ್ಲಿದೆ. ಓಡಿಸುವವರಿಗೆ ಬೇಕಾದದ್ದೂ ವಿದ್ಯುತ್ ರೈಲಿನ ಲೈಸೆನ್ಸ್. ಕಂಬ ನೆಡದೆ, ತಂತಿ ಎಳೆಯದೆ, ಕಾಗದದ ಮೇಲಾದರೂ ತಕಯಾಮಾಕ್ಕೆ ವಿದ್ಯುತ್ ರೈಲು ಬಂದಂತಾಯಿತು.

2023ರ ಮಾರ್ಚ್‌ಗೆ ಹಿದಾ ರೈಲುಗಳೆಲ್ಲ ಎಚ್‌ಸಿ85 ಆದವು, ಅದೇ ಜುಲೈ 1ಕ್ಕೆ ನಾಂಕಿಯೂ. ಹಳೆಯ ಕಿಹಾ 85ರ ಕೆಲವು ಬೋಗಿಗಳನ್ನು ಕ್ಯೋಟೋ ಉತ್ತರದ ಒಂದು ಸಣ್ಣ ರೈಲು ಕಂಪನಿ ಕೊಂಡುಕೊಂಡಿತು. ಹೊಸ ರೈಲಿನ ಬಾಗಿಲ ಬಳಿಯ ಸಣ್ಣ ಗಾಜಿನ ಗೂಡುಗಳಲ್ಲಿ ದಾರಿಯುದ್ದದ ಊರುಗಳ ಕರಕುಶಲ ವಸ್ತುಗಳನ್ನು ಇಟ್ಟಿದ್ದಾರೆ. ಒಂದು ಹಳೆಯ ಪದ್ಧತಿ ಮಾತ್ರ ಹಾಗೇ ಉಳಿದಿದೆ. ಗಿಫುವಿನಲ್ಲಿ ರೈಲು ದಿಕ್ಕು ಬದಲಿಸುವುದರಿಂದ, ನಗೋಯಾದಲ್ಲಿ ಹತ್ತಿದವರು ಅಲ್ಲಿವರೆಗಿನ 30 ಕಿಲೋಮೀಟರ್ ಹಿಮ್ಮುಖವಾಗಿ ಕೂತು ಹೋಗುತ್ತಾರೆ. ಆ 30 ಕಿಲೋಮೀಟರಿನ ಮೇಲೆ ತಂತಿ ಇದೆ, ರೈಲಿಗೆ ಅದು ಬೇಡ.

ಇದು ನ್ಯಾಯವೋ, ರಾಜಿಯೋ?

ಇದನ್ನು ಎರಡು ರೀತಿ ಓದಬಹುದು. ತಂತಿಯ ಖರ್ಚು ತಪ್ಪಿಸಿಕೊಳ್ಳಲು ಸಿಕ್ಕ ಜಾಣ ಉಪಾಯ ಎನ್ನುವವರ ಮಾತಿನಲ್ಲಿ ಸುಳ್ಳಿಲ್ಲ. ಡೀಸೆಲ್ ಇನ್ನೂ ಉರಿಯುತ್ತಿದೆ. ತಂತಿ ಬಂದಿದ್ದರೆ ಎಕ್ಸ್‌ಪ್ರೆಸ್ ಅಷ್ಟೇ ಅಲ್ಲ, ಊರೂರಿಗೆ ನಿಲ್ಲುವ ರೈಲುಗಳೂ ಅದರಡಿ ಓಡುತ್ತಿದ್ದವು. ಹೈಬ್ರಿಡ್ ಸಿಕ್ಕಿದ್ದು ಮೊದಲಿಗೆ ಟಿಕೆಟಿನ ಮೇಲೆ ಹೆಚ್ಚುವರಿ ದುಡ್ಡು ಕೊಡುವ ಎಕ್ಸ್‌ಪ್ರೆಸ್ ಪ್ರಯಾಣಿಕರಿಗೆ. ಶಾಲೆಗೆ ಹೋಗುವ ಕಣಿವೆಯ ಮಕ್ಕಳು ಹತ್ತುವುದು ಇನ್ನೂ ಸಾಮಾನ್ಯ ಡೀಸೆಲ್ ಬೋಗಿಯನ್ನೇ.

ಇನ್ನೊಂದು ಕಡೆಯಿಂದ ನೋಡಿದರೆ, 2005ರ ಊರು ವಿಲೀನದ ನಂತರ ತಕಯಾಮಾ ವಿಸ್ತೀರ್ಣದಲ್ಲಿ ಜಪಾನಿನ ಅತಿ ದೊಡ್ಡ ನಗರಸಭೆ. ಸುಮಾರು 2,178 ಚದರ ಕಿಲೋಮೀಟರಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಕಾಡು, ಜನ ಒಂದು ಲಕ್ಷಕ್ಕೂ ಕಡಿಮೆ. ಉಗಿಬಂಡಿಯ ಕಾಲದ ಸುರಂಗಗಳಲ್ಲಿ ತಂತಿಗೆ ಜಾಗ ಮಾಡಬೇಕು, ನದಿ ಕೊಚ್ಚುವ ದಾರಿಯಲ್ಲಿ ಕಂಬ ನೆಡಬೇಕು, ಬಿದ್ದಾಗಲೆಲ್ಲ ಮತ್ತೆ ಎತ್ತಬೇಕು. ಅದಕ್ಕಾಗಿ ಇನ್ನೂ 42 ವರ್ಷ ಕಾಯಿರಿ ಎನ್ನುವುದಕ್ಕಿಂತ ಇದು ಮೇಲು. ಎಂಜಿನ್ ಈಗ ಕೇವಲ ಕರೆಂಟು ಹುಟ್ಟಿಸುವ ಪೆಟ್ಟಿಗೆ. ಡೀಸೆಲ್ಲಿಗಿಂತ ಒಳ್ಳೆಯದು ಸಿಕ್ಕ ದಿನ ಆ ಪೆಟ್ಟಿಗೆ ಬದಲಿಸಿದರೆ ಸಾಕು, ಬ್ಯಾಟರಿ, ಮೋಟಾರು ಉಳಿಯುತ್ತವೆ. ಆ ಜಾಗಕ್ಕೆ ಹೈಡ್ರೋಜನ್ ತರುವ ಪ್ರಯೋಗ ಮಾಡುವುದಾಗಿ ಕಂಪನಿ 2023ರಲ್ಲಿ ಹೇಳಿದೆ.

ನಮ್ಮ ತೀರ್ಮಾನ ಇಷ್ಟು. ರೈಲು ಒಳ್ಳೆಯದು, ಆದರೆ ಅದು 1980ರ ಸಮಾರಂಭದ ಮಾತು ಉಳಿಸಿಕೊಂಡದ್ದಲ್ಲ. ಆ ಮಾತು ಮುರಿದಲ್ಲಿಂದ 2022ರವರೆಗೆ ಕಣಿವೆಯ ಎರಡು ತಲೆಮಾರು ಕಾದಿವೆ. ಹೊಸ ರೈಲಿನ ಸುದ್ದಿ ಬರೆಯುವಾಗ ಹಳೆಯ ಗುದ್ದಲಿಯ ಸುದ್ದಿಯನ್ನೂ ಒಂದು ಸಾಲು ಸೇರಿಸಬೇಕು. ನಮ್ಮ ಜಿಲ್ಲೆಗಳಲ್ಲೂ ಅಂಥ ಕಲ್ಲುಗಳು ಬೇಕಾದಷ್ಟಿವೆ. ಮುಂದಿನ ವಾರ ನಮ್ಮ ಗೆಳೆಯರ ಬಳಗದವರು ತಮ್ಮ ತಾಲ್ಲೂಕಿನಲ್ಲಿ ಒಂದೊಂದು ಕಲ್ಲು ಹುಡುಕಿ, ಅದರ ಮೇಲಿನ ತಾರೀಖು ಬರೆದುಕೊಂಡು ಬರಲಿ. ಅಲ್ಲಿಂದ ಶುರು ಮಾಡೋಣ.